ತಿದ್ದೋಲೆ ಮೇಷ್ಟ್ರು

ನಮ್ಮ ಬೀದಿಯ ಕೊನೇ ಮನೆಯ ಮೇಷ್ಟ್ರು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಶಾಲೆಯವರು ಶಾಲು ಹೊದಿಸಿದರು, ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ಕೆಂಪು ಪೆನ್ನು ಮಾತ್ರ ವಾಪಸ್ ಇಸಿದುಕೊಳ್ಳಲಿಲ್ಲ. ಊರಿನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಮೊದಲು ಅವರ ಕೈಗೆ ಸಿಕ್ಕಿದ್ದು ಮದುವೆ ಕರೆಯೋಲೆಗಳು. ಹೆಣ್ಣಿನ ಕಡೆಯವರು ಅರಿಶಿನ ಹಚ್ಚಿ ಕೊಟ್ಟುಹೋದ ಪತ್ರಿಕೆಯಲ್ಲಿ ‘ಆಶಿರ್ವದಿಸಿ’ ಎಂದಿತ್ತು. ಮೇಷ್ಟ್ರು ದೀರ್ಘ ಹಾಕಿ, ಅಂಚಿನಲ್ಲಿ ಸಹಿ ಮಾಡಿ, ಅವರ ಮನೆಗೇ ಹೋಗಿ ಕೊಟ್ಟು ಬಂದರು. ಮದುವೆಯಲ್ಲಿ ಪಾಯಸದ ಬಕೆಟ್ಟು ಮೇಷ್ಟ್ರ ಎಲೆಯ ಮುಂದೆ ನಿಲ್ಲದೆ ಹಾದುಹೋಯಿತು.

ಹೀಗೇ ಸಣ್ಣಪುಟ್ಟದರಲ್ಲಿ ಮುಗಿಯಬೇಕಿತ್ತು. ಆದರೆ ಯಾರೋ ಪುಣ್ಯಾತ್ಮರು ಸಂರಕ್ಷಿತ ಸ್ಮಾರಕಗಳ ಒಂದು ಹಳೇ ಪಟ್ಟಿಯ ಜೆರಾಕ್ಸ್ ತಂದುಕೊಟ್ಟರು. ಆ ರಾತ್ರಿ ಮೇಷ್ಟ್ರು ಮಲಗಲಿಲ್ಲವಂತೆ. ಬೆಳಿಗ್ಗೆ ನಾನು ಹಾಲು ತರಲು ಹೊರಟರೆ ಜಗಲಿಯಿಂದಲೇ ಕೂಗಿದರು: “ನೋಡಿ ಸ್ವಾಮಿ, ಹರಿಹರೇಶ್ವರ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದಾನೆ!”

ಇದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ಗುಡಿ ಕಲ್ಲಿನದು, ಕಟ್ಟಿದಲ್ಲೇ ಕೂತಿರುತ್ತದೆ. ಕಾಲಿರುವುದು ಜಿಲ್ಲೆಗಳಿಗೆ. 1997ರಲ್ಲಿ ಹರಿಹರ ದಾವಣಗೆರೆಗೆ ಹೋಯಿತು, ಲಕ್ಕುಂಡಿ ಧಾರವಾಡ ಬಿಟ್ಟು ಗದಗಿಗೆ ಬಂತು. 2007ರಲ್ಲಿ ನಂದಿಯ ಭೋಗನಂದೀಶ್ವರ ಕೋಲಾರದಿಂದ ಚಿಕ್ಕಬಳ್ಳಾಪುರದ ಪಾಲಾದ. 2021ರಲ್ಲಿ ಹಂಪಿಯ ವಿರೂಪಾಕ್ಷ ಕೂತ ಪೀಠದಿಂದ ಏಳದೆ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ವರ್ಗವಾದ. ಸರ್ಕಾರಿ ನೌಕರನಿಗೆ ವರ್ಗವಾದರೆ ಆದೇಶದ ಪ್ರತಿ ಕೈಗೆ ಬರುತ್ತದೆ. ದೇವರಿಗೆ ಯಾರು ಕಳಿಸುತ್ತಾರೆ?

ಆ ಕೆಲಸ ಮೇಷ್ಟ್ರು ವಹಿಸಿಕೊಂಡರು. ಮೂರು ಫೈಲು ತುಂಬಿತು. ಊರ ಹೆಸರುಗಳಿಗೇ ಒಂದು ಫೈಲು. ಬಿ.ಎಲ್. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಮ್ಮ ಶಾಸನಗಳನ್ನು ರೋಮನ್ ಲಿಪಿಯಲ್ಲೂ ಅಚ್ಚು ಹಾಕಿಸಿದಾಗ ಳಕಾರ ಟಕಾರಗಳಿಗೆ ಅಕ್ಷರದ ಕೆಳಗೆ ಚುಕ್ಕಿ ಇಟ್ಟಿದ್ದರು. ಟೈಪ್ ಮಾಡುವವನ ಯಂತ್ರದಲ್ಲಿ ಚುಕ್ಕಿ ಎಲ್ಲಿಂದ ಬರಬೇಕು? ಚುಕ್ಕಿ ಬಿಟ್ಟು ಬಡಿದ ಇಂಗ್ಲಿಷನ್ನು ಇನ್ನೊಬ್ಬ ಕನ್ನಡಕ್ಕೆ ತಂದರೆ ಹಳೇಕೋಟೆ ಹಲೇಕೋತೆಯಾಗುತ್ತದೆ. “ಒಂದು ಚುಕ್ಕಿ ಬಿದ್ದುಹೋಗಿ ಕೋಟೆ ಹೋಯ್ತಲ್ರೀ, ಕೋತಿ ಉಳೀತು!” ಎಂದು ಮೇಷ್ಟ್ರು ನಿಜವಾಗಿಯೂ ಮರುಗಿದರು.

ಇಸವಿಗಳದು ಇನ್ನೊಂದು ಫೈಲು. ಶಕವರ್ಷಕ್ಕೆ 78 ಕೂಡಿಸಬೇಕೋ 77 ಸಾಕೋ ಎಂಬುದು ಅದು ಗತಶಕವೋ ವರ್ತಮಾನ ಶಕವೋ ಎಂಬುದರ ಮೇಲೆ ನಿಲ್ಲುತ್ತದೆ. ಸಾಮಾನ್ಯರು ಒಂದು ವರ್ಷ ಆಚೀಚೆಯಾದರೆ ಸುಮ್ಮನಿರುತ್ತಾರೆ. ಮೇಷ್ಟ್ರು ಸಂವತ್ಸರದ ಹೆಸರು ಹಿಡಿದು ಜಗ್ಗುತ್ತಾರೆ. ಬೇಲೂರಿನ ಗುಡಿ ಶಕ 1039, ಹೇವಿಳಂಬಿ, ಅಂದರೆ 1117. ಯಾವ ಫಲಕವಾದರೂ 1116 ಎಂದರೆ ಅದು ದುರ್ಮುಖಿಯಾಗುತ್ತದೆ, ನೋಡಿದ ಮೇಷ್ಟ್ರೂ ದುರ್ಮುಖಿಯಾಗುತ್ತಾರೆ.

ಅದೇ ಬೇಲೂರಿಗೆ ನಾವಿಬ್ಬರೂ ಒಮ್ಮೆ ಹೋಗಿದ್ದೆವು. ಗೈಡು ಶಿಲ್ಪಿ ಜಕಣಾಚಾರಿಯ ಕಥೆಯನ್ನು ಕಲ್ಲೊಳಗಿನ ಕಪ್ಪೆಯವರೆಗೆ ತಂದಿದ್ದ. ಮೇಷ್ಟ್ರು ಅಡ್ಡ ಬಂದರು. ಜಕಣಾಚಾರಿಯ ಹೆಸರು ಇಲ್ಲಿನ ಯಾವ ಶಾಸನದಲ್ಲೂ ಇಲ್ಲ. ವಿಗ್ರಹಗಳ ಕೆಳಗೆ ಹೆಸರು ಕೆತ್ತಿಕೊಂಡವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಾದರೆ ಮಲ್ಲಿತಮ್ಮ, ಎಂದು ಹತ್ತು ನಿಮಿಷ ಪಾಠವಾಯಿತು. ಗೈಡು ತಾಳ್ಮೆಯಿಂದ ಕೇಳಿ, ಮೇಷ್ಟ್ರನ್ನು ಕಂಬದ ಮರೆಗೆ ಕರೆದುಕೊಂಡು ಹೋಗಿ ಹೇಳಿದ: “ಸಾರ್, ಜಕಣಾಚಾರಿ ಕೈ ಕಡಿದುಕೊಂಡ ಅಂದ್ರೆ ಜನ ಐವತ್ತು ರೂಪಾಯಿ ಜಾಸ್ತಿ ಕೊಡ್ತಾರೆ. ದಾಸೋಜನ ಕೈ ನೆಟ್ಟಗಿತ್ತು ಅಂದ್ರೆ ಯಾರು ಕೊಡ್ತಾರೆ?”

ಮೇಷ್ಟ್ರ ಪತ್ರಗಳಿಗೆ ಕಚೇರಿಗಳಿಂದ ಬರುವ ಉತ್ತರ ಒಂದೇ: ‘ಪರಿಶೀಲನೆಯಲ್ಲಿದೆ.’ ಒಮ್ಮೆ ಮಾತ್ರ ನಿಜವಾದ ತಿದ್ದೋಲೆ ಹೊರಟಿತು. ‘ತಾಲೂಕು’ ಎಂಬ ಕಾಲಮ್ಮಿನಲ್ಲಿ ಒಂದು ಹೆಸರು ಬದಲಾಯಿತು, ಅಷ್ಟೆ. ಮೇಷ್ಟ್ರು ಅದಕ್ಕೆ ಕಟ್ಟು ಹಾಕಿಸಿ ಸರಸ್ವತಿಯ ಪಟದ ಪಕ್ಕ ನೇತುಹಾಕಿದ್ದಾರೆ. ಅವರಿಗೆ ‘ತಿದ್ದೋಲೆ ಮೇಷ್ಟ್ರು’ ಎಂಬ ಹೆಸರು ಬಿದ್ದಿದ್ದು ಆಗಲೇ. 2013ರಲ್ಲಿ ಸಿಎಜಿ ವರದಿ ದೇಶದಲ್ಲಿ 92 ಸ್ಮಾರಕಗಳು ಕಾಣೆಯಾಗಿವೆ ಎಂದಾಗಲೂ, 2024ರಲ್ಲಿ ಫರೀದಾಬಾದಿನ ಕೋಸ್ ಮಿನಾರೂ ಸೇರಿ 18 ಸ್ಮಾರಕಗಳನ್ನು ಕೇಂದ್ರದ ಪಟ್ಟಿಯಿಂದ ಕೈಬಿಡುತ್ತಾರೆಂಬ ಸುದ್ದಿ ಬಂದಾಗಲೂ ಅವರು ಆ ತಿದ್ದೋಲೆಯ ಕಡೆ ನೋಡಿಯೇ ಮಾತಾಡಿದರು. “ಮಿನಾರು ಕಳೆದುಹೋಗೋಕೆ ಅದೇನು ಕೊಡೆಯೇನ್ರೀ? ಬಸ್ಸಲ್ಲಿ ಮರೆತು ಬಂದರೇ?”

ಈ ಆಷಾಢದಲ್ಲಿ ಅವರ ಕೆಂಪು ಪೆನ್ನು ನಮ್ಮೂರಿಗೇ ಬಂತು. ಬಸ್‌ಸ್ಟಾಂಡಿನ ಹಿಂದಿರುವ ಹೊಯ್ಸಳರ ಕಾಲದ ಈಶ್ವರನ ಗುಡಿ ಇರುವುದು ಸರ್ವೆ ನಂಬರ್ 46ರಲ್ಲಿ. ಪಟ್ಟಿಯಲ್ಲಿ 64 ಎಂದಿದೆ. 64 ಎಂದರೆ ಕೆರೆ ಕೋಡಿಯಾಚೆಯ ಅಡಿಕೆ ತೋಟ. ಆ ತೋಟದವರು ಪಂಪ್‌ಹೌಸ್ ಕಟ್ಟಲು ಹೋದಾಗ, ಇಲ್ಲಿ ಸಂರಕ್ಷಿತ ದೇವಾಲಯವಿದೆ ಎಂದು ನೋಟಿಸ್ ಬಂದಿತ್ತು. ಎಲ್ಲಿದೆ ತೋರಿಸಿ ಎಂದರೆ, ಕಡತದಲ್ಲಿದೆ ಎಂದರಂತೆ. ಅಂದಿನಿಂದ ಅವರ ಮೋಟಾರು ಪ್ಲಾಸ್ಟಿಕ್ ಚೀಲ ಹೊದ್ದು ಮಳೆಯಲ್ಲೇ ಇದೆ. ಮೇಷ್ಟ್ರು ಅಂಕಿ ತಿರುವುಮುರುವಾಗಿದ್ದನ್ನು ಹಿಡಿದ ದಿನ ತೋಟದವರು ಒಂದು ಬಾಳೆಗೊನೆ ಇಳಿಸಿ, ಕಾಲಿಗೆ ಬಿದ್ದು ಹೋದರು.

ಗೊನೆ ಹಣ್ಣಾಗುವಷ್ಟರಲ್ಲಿ ಮೇಷ್ಟ್ರಿಗೆ ಕಾನೂನು ನೆನಪಾಯಿತು. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಅಪ್ಪಣೆ ಬೇಕು. ಗುಡಿ 64ರಿಂದ 46ಕ್ಕೆ ಬಂದರೆ ಅದರ ಹಿಂದೆ ಈ ಕಾನೂನೂ ಕೆರೆ ದಾಟಿ ಬರುತ್ತದೆ. ಸಂಜೆ ಟೇಪು ಹಿಡಿದು ಹೊರಟರು. ಇನ್ನೊಂದು ತುದಿ ನಾನು ಹಿಡಿದೆ. ನನ್ನ ಮನೆ 103 ಮೀಟರ್. ಮೇಷ್ಟ್ರದು 97. ಗರ್ಭಗುಡಿಯಿಂದ ಅಳೆದರೆ ಹೇಗೆ ಎಂದು ಅವರೇ ಕೇಳಿ, ಕಾನೂನಿನಲ್ಲಿ ಹಾಗಿಲ್ಲ ಎಂದು ಅವರೇ ಹೇಳಿಕೊಂಡರು.

ಮೇಷ್ಟ್ರ ಮನೆ ಮುಂದೆ ಎರಡು ಲೋಡು ಇಟ್ಟಿಗೆ ಬಿದ್ದಿತ್ತು. ಬೆಂಗಳೂರಿನ ಮಗನಿಗೆಂದು ಮೇಲೊಂದು ರೂಮು, ಅಮ್ಮಾವ್ರ ಹತ್ತು ವರ್ಷದ ಆಸೆ. ಅಮ್ಮಾವ್ರು ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟೆ: “ದೇವರು ಕೆರೆಯಾಚೆ ಸುಖವಾಗಿದ್ದಾನೆ. ಏಳಿಸಬೇಡಿ.”

ಪತ್ರ ಬರೆಯುವುದಿಲ್ಲ ಎಂದು ಮೇಷ್ಟ್ರು ಹೇಳಲಿಲ್ಲ. ಹಾಗೆ ಹೇಳುವವರಲ್ಲ. ಬರೆದರು. ಓದಿ ನೋಡಿದರೆ ‘ದೃಢೀಕರಿಸಿ’ಯಲ್ಲಿ ಒಂದು ತಪ್ಪು. ಹರಿದು ಮತ್ತೆ ಬರೆದರು. ಎರಡನೆಯದರಲ್ಲಿ ಉಲ್ಲೇಖದ ದಿನಾಂಕ ವಿಷಯಕ್ಕಿಂತ ಮೇಲೆ ಬಂದಿತ್ತು. ತೋಟದವರು ಕೇಳಿದಾಗಲೆಲ್ಲ ತೋರಿಸಲು ಮೇಜಿನ ಮೇಲೆ ಒಂದು ಪ್ರತಿ ಇದ್ದೇ ಇರುತ್ತದೆ, ಕೆಂಪು ಗುರುತಿನ ಸಮೇತ.

ನಿನ್ನೆ ಹೋದಾಗ ಒಂಬತ್ತನೆಯದು ನಡೆದಿತ್ತು. ಮಾಡಿನ ಮೇಲೆ ಸೆಂಟ್ರಿಂಗಿನವರು ಹಲಗೆ ಬಡಿಯುವ ಸದ್ದಿಗೆ ಸರಸ್ವತಿಯೂ ತಿದ್ದೋಲೆಯೂ ಗೋಡೆಯಲ್ಲಿ ಅಲುಗುತ್ತಿದ್ದವು.

“ತಾರಸಿ ಯಾವತ್ತು ಹಾಕ್ತಾರಂತೆ ಮೇಷ್ಟ್ರೇ?” ಎಂದೆ.

“ಬರೋ ಗುರುವಾರ.” ಅವರು ತಲೆ ಎತ್ತಲಿಲ್ಲ. “ಶುಕ್ರವಾರ ಪತ್ರ ಅಂಚೆಗೆ ಹಾಕ್ತೀನಿ. ಅಷ್ಟರಲ್ಲಿ ತಪ್ಪೆಲ್ಲ ಮುಗಿಯುತ್ತೆ.”