ಭಾವನವರ ತೊಡೆಯ ಮೇಲಿನ ದಾರಿ

ಚಾರ್ಮಾಡಿ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋದ ಕೂಡಲೇ ಕಾರಿನಲ್ಲಿರುವವರೆಲ್ಲ ಭೂಗೋಳ ಪಂಡಿತರಾಗುತ್ತಾರೆ. ನಮ್ಮ ಭಾವನವರು ಮಾತ್ರ ನಿಶ್ಚಿಂತರು. ತೊಡೆಯ ಮೇಲೆ ಲಿನಕ್ಸ್ ಲ್ಯಾಪ್‌ಟಾಪ್, ಅದರೊಳಗೆ ದಾರಿ ತೋರಿಸುವ ತಂತ್ರಾಂಶ ನ್ಯಾವಿಟ್, ಡ್ಯಾಶ್‌ಬೋರ್ಡಿನ ಮೇಲೆ ಬಾಲವಿರುವ ಪುಟ್ಟ ಯುಎಸ್‌ಬಿ ಜಿಪಿಎಸ್. ಓಪನ್‌ಸ್ಟ್ರೀಟ್‌ಮ್ಯಾಪಿನ ನಕ್ಷೆ ಮನೆಯಲ್ಲೇ ಇಳಿಸಿಕೊಂಡಾಗಿದೆ.

"20,000 ಕಿಲೋಮೀಟರ್ ಮೇಲಿರೋ ಉಪಗ್ರಹಕ್ಕೆ ಸಿಮ್ಮೂ ಬೇಡ, ಡೇಟಾ ಪ್ಯಾಕೂ ಬೇಡ. ನಾಲ್ಕು ಕಂಡರೆ ಸಾಕು" ಎನ್ನುತ್ತಾರೆ. ನಿಜವೇ. ಆದರೆ ಮರಗಳ ಸಂದಿಯಲ್ಲಿ ಆ ನಾಲ್ಕು ಕಾಣುವವರೆಗೆ ಕಾರು ನಿಲ್ಲಬೇಕು, ಅಕ್ಕ ಚಕ್ಕುಲಿ ಡಬ್ಬಿ ತೆಗೆಯಬೇಕು.

ಅಷ್ಟರಲ್ಲಿ ಆ ಯಂತ್ರದ ಮಾತು ಓದಿಕೊಡುವ ತಂತ್ರಾಂಶ ಜಿಪಿಎಸ್‌ಡಿಯ ಮುನಿಸು: ಪೋರ್ಟ್ ಓದಲು ಅನುಮತಿ ಇಲ್ಲವಂತೆ! (ಸ್ವಂತ ದುಡ್ಡಿನ ಲ್ಯಾಪ್‌ಟಾಪಿನಲ್ಲಿ ಅನುಮತಿ ಬೇಡುವ ಸುಖ ಲಿನಕ್ಸಿನವರಿಗೇ ಗೊತ್ತು.) ಭಾವ ಕಪ್ಪು ಪರದೆ ತೆರೆದು ಅನುಮತಿ ಕೊಡಿಸುವ 'ಸುಡೋ' ಆಜ್ಞೆ ಕುಟ್ಟಿ ಪಾಸ್‌ವರ್ಡ್ ಹೊಡೆಯುತ್ತಾರೆ. ಒಂದು ಚುಕ್ಕಿಯೂ ಮೂಡದ್ದು ನೋಡಿ ಹಿಂದೆ ಕೂತ ಅಮ್ಮನಿಗೆ ಕೀಲಿಮಣೆ ಕೆಟ್ಟಿದೆಯೆಂದೇ ನಂಬಿಕೆ. "ರಿಪೇರಿಗೆ ಕೊಡಿ ಅಳಿಯಂದಿರೇ" ಎಂದು ಕನಿಕರಿಸುತ್ತಾರೆ.

ಕೊನೆಗೂ ಬಾಣದ ಗುರುತು ಅಲ್ಲಾಡಿತು. ಆದರೆ ಅಮ್ಮ ಆಗಲೇ ಗಾಜಿಳಿಸಿ, ದಾರಿಬದಿಯಲ್ಲಿ ಜೋಳ ಸುಡುವವನನ್ನು ಕೇಳಿಯಾಗಿತ್ತು: "ಧರ್ಮಸ್ಥಳಕ್ಕೆ ಹೀಗೇನಾಪ್ಪ?"

"ಇರೋದೇ ಒಂದು ರಸ್ತೆ ಅಮ್ಮ, ಹೋಗಿ."

"ನ್ಯಾವಿಟ್ಟೂ ಅದನ್ನೇ ಹೇಳ್ತಿದೆ" ಎಂದರು ಭಾವ.