ಕೈಗೆಟುಕುವ ಬ್ಯಾಟು

ರಾಯರು ಇನ್ನೂ ಪಿಕಲ್‌ಬಾಲ್ ಬ್ಯಾಟು ಕೊಂಡಿಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ನೀರು ಇನ್ನೂ ಬಂದಿಲ್ಲ ಎಂಬಷ್ಟೇ ಹಳೆಯ ಸುದ್ದಿಯಾಗಿತ್ತು. ಎರಡರ ಬಗ್ಗೆಯೂ ಯಾರೂ ಹೊಸದಾಗಿ ಕೇಳುತ್ತಿರಲಿಲ್ಲ. ಕೇಳಿದರೆ ಕಾವೇರಿಯ ವಿಷಯದಲ್ಲಾದರೂ 'ಗೊತ್ತಿಲ್ಲ ಸಾರ್' ಎಂಬ ಚಿಕ್ಕ ಉತ್ತರ ಸಿಗುತ್ತಿತ್ತು. ರಾಯರಿಂದ ಸಿಗುತ್ತಿದ್ದುದು ಮುಕ್ಕಾಲು ಗಂಟೆಯ ಉಪನ್ಯಾಸ.

ಈ ಜಾತಿಯವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಮಿಕ್ಸಿಯಿಂದ ಹಿಡಿದು ಮಂಡಿಗೆ ಕಟ್ಟುವ ಪಟ್ಟಿಯವರೆಗೆ ಯಾವುದನ್ನು ಎಲ್ಲಿ ಎಷ್ಟಕ್ಕೆ ಕೊಳ್ಳಬೇಕೆಂದು ಊರಿಗೆಲ್ಲ ಹೇಳಿ, ತಾವು ಮಾತ್ರ 'ನೋಡ್ತಾ ಇದೀನಿ, ಅವಸರ ಏನಿಲ್ಲ' ಎನ್ನುವವರು. ಜಿಪುಣರೆಂದು ಬಿಡುವುದು ಸುಲಭ, ಆದರೆ ನಮ್ಮ ರಾಯರು ತಂಗಿಯ ಮಗಳ ಮದುವೆಯಲ್ಲಿ ಯಾರೂ ಕೇಳದೆಯೇ ಊಟದ ಖರ್ಚು ಹೊತ್ತವರು. ಬ್ಯಾಂಕಿನಲ್ಲಿ ಸಾಲದ ಅರ್ಜಿ ಪರಿಶೀಲಿಸುವ ಕುರ್ಚಿಯಲ್ಲೇ ಕೂದಲು ಉದುರಿಸಿಕೊಂಡವರು. ಮಂಜೂರು ಮಾಡುವುದಕ್ಕಿಂತ 'ಇನ್ನೊಂದು ದಾಖಲೆ ಬೇಕಲ್ಲ' ಎನ್ನುವುದರಲ್ಲೇ ಅವರಿಗೆ ಹೆಚ್ಚು ನೆಮ್ಮದಿ. ನಿವೃತ್ತಿಯಾದ ಮೇಲೆ ಅರ್ಜಿದಾರರ ಜಾಗದಲ್ಲಿ ಬ್ಯಾಟುಗಳು ಬಂದು ನಿಂತವು.

ಆಟ ನಮ್ಮಲ್ಲಿಗೆ ಬಂದದ್ದು ಬೆಂಗಳೂರಿಗೆಲ್ಲ ಬಂದ ಹಾಗೆಯೇ, ಹುಡುಗರ ಮೂಲಕ. ಹಿಂಭಾಗದಲ್ಲಿ ಪಾಳುಬಿದ್ದಿದ್ದ ಬ್ಯಾಡ್ಮಿಂಟನ್ ಅಂಗಳ ಹೇಗೂ 44 ಅಡಿ ಉದ್ದ, 20 ಅಡಿ ಅಗಲ. ಪಿಕಲ್‌ಬಾಲಿಗೂ ಅಷ್ಟೇ ಸಾಕು. ನೆಟ್ಟನ್ನು ಸೊಂಟದೆತ್ತರಕ್ಕೆ ಇಳಿಸಿ, ಬ್ಯಾಡ್ಮಿಂಟನ್ ಸರ್ವಿಸ್ ಗೆರೆಗಿಂತ ಆರಿಂಚು ಹಿಂದಕ್ಕೆ, ನೆಟ್ಟಿನಿಂದ ಏಳಡಿಗೆ ಸರಿಯಾಗಿ, ಹಳದಿ ಗೆರೆ ಬಳಿದರು. ತಿಂಗಳೊಳಗೆ ಹುಡುಗರು ಆಫೀಸಿಗೆ ಹೋದರು, ಅಂಗಳ ನಮ್ಮಂಥವರ ಪಾಲಾಯಿತು. ಬ್ಯಾಡ್ಮಿಂಟನ್ನಿಗೆ ಆಗದ ಮಂಡಿ, ವಾಕಿಂಗಿಗೆ ಬೇಸರಪಡುವ ಮನಸ್ಸು ಎರಡೂ ಇರುವವರಿಗೆ ಇದಕ್ಕಿಂತ ದಯಾಳುವಾದ ಆಟ ಇನ್ನೊಂದಿಲ್ಲ. ಚೆಂಡು ನಿಧಾನ, ಅಂಗಳ ಚಿಕ್ಕದು, ನಾಲ್ವರು ನಿಂತರೆ ಓಡಲು ಜಾಗವೇ ಇಲ್ಲ. ನನ್ನ ಬ್ಯಾಕ್‌ಹ್ಯಾಂಡಿನಂಥದ್ದಕ್ಕೂ ಇಲ್ಲಿ ಮರ್ಯಾದೆಯಿದೆ. ಟಕ್ ಟಕ್ ಸದ್ದಿನ ಬಗ್ಗೆ ಡಿ-ಬ್ಲಾಕಿನವರು ಕೊಟ್ಟ ದೂರು ಮಾತ್ರ ಅಸೋಸಿಯೇಷನ್ನಿನ ಫೈಲಿನಲ್ಲಿ ಹಾಗೆಯೇ ಇದೆ.

ರಾಯರು ಮೊದಲ ದಿನ ಕಲ್ಲುಬೆಂಚಿನ ಮೇಲೆ ಕೂತು ಆಟ ನೋಡಿದರು. ಮರುದಿನ ಬಂದಾಗ ಇತಿಹಾಸ ಓದಿಕೊಂಡೇ ಬಂದಿದ್ದರು. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್ ಎಂಬಿಬ್ಬರು, ರಜೆಯಲ್ಲಿ ಬೇಸರ ಎನ್ನುತ್ತಿದ್ದ ಮನೆಮಂದಿಗೆ ಒಂದು ಆಟ ಹೂಡಲು ಹೋಗಿ, ಬ್ಯಾಡ್ಮಿಂಟನ್ ಸಾಮಾನು ಪೂರ್ತಿ ಸಿಗದೆ, ಟೇಬಲ್ ಟೆನಿಸ್ ಬ್ಯಾಟು ಮತ್ತು ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದರಂತೆ. ಅವರ ಗೆಳೆಯ ಬಾರ್ನಿ ಮೆಕಾಲಂ ಪ್ಲೈವುಡ್ ಕೊಯ್ದು ದೊಡ್ಡ ಬ್ಯಾಟು ಮಾಡಿದನಂತೆ. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ, ವಿಮಾನದ ನೆಲಕ್ಕೆ ಹಾಕುವ ಜೇನುಗೂಡು ಮಾದರಿಯ ಹಲಗೆಯಿಂದ ಹಗುರ ಬ್ಯಾಟು ತಯಾರಿಸಿದನಂತೆ. ಕೇಳುತ್ತ ಕೇಳುತ್ತ ನನಗನ್ನಿಸಿದ್ದು ಇಷ್ಟೆ: ಮೆಕಾಲಂ ಜಾಗದಲ್ಲಿ ನಮ್ಮ ರಾಯರಿದ್ದಿದ್ದರೆ ಪ್ಲೈವುಡ್ ಮರೀನ್ ದರ್ಜೆಯದೋ ಕಮರ್ಷಿಯಲ್ಲೋ ಎಂಬ ವಿಚಾರಣೆ ಇವತ್ತಿಗೂ ನಡೆಯುತ್ತಿತ್ತು, ಆಟವೇ ಹುಟ್ಟುತ್ತಿರಲಿಲ್ಲ.

ಹಾಗೆಂದು ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ನಮ್ಮಲ್ಲಿ ಈಗ ಎಲ್ಲರ ಕೈಯಲ್ಲಿರುವ ಬ್ಯಾಟುಗಳು ಅವರ ಮಾತು ಕೇಳಿಯೇ ಬಂದವು. ಮರದ್ದು ಬೇಡ, ಅಗ್ಗವೇನೋ ಹೌದು, ಆದರೆ ಮುನ್ನೂರು ಗ್ರಾಂ ದಾಟುತ್ತದೆ, ಮೊಣಕೈ ಹಿಡಿಯುತ್ತದೆ. ಒಳಗೆ ಪಾಲಿಪ್ರೊಪಿಲೀನ್ ಜೇನುಗೂಡು ಇರುವುದನ್ನೇ ನೋಡಿ. ದಪ್ಪ 16 ಮಿಲಿಮೀಟರಿನದಾದರೆ ಚೆಂಡು ಮೆತ್ತಗೆ, ಹೇಳಿದ ಕಡೆ ಹೋಗುತ್ತದೆ. 13 ಅಥವಾ 14 ಆದರೆ ಚಿಮ್ಮುತ್ತದೆ. ವಯಸ್ಸಾದವರಿಗೆ ಚಿಮ್ಮುವುದೇಕೆ? ತೂಕ 210ರಿಂದ 235 ಗ್ರಾಂ ಒಳಗಿರಲಿ. ಫೈಬರ್‌ಗ್ಲಾಸ್ ಮುಖದ್ದು ಹೊಡೆತಕ್ಕೆ ಒಳ್ಳೆಯದು, ಬೆಲೆಯೂ ಇಳಿ. ಕಾರ್ಬನ್ ಮುಖದ ಒರಟುತನ ಚೆಂಡಿಗೆ ಸುತ್ತು ಕೊಡುತ್ತದೆ; ಆದರೆ ಆ ಒರಟು ಆಡುತ್ತಾಡುತ್ತ ಸವೆಯುತ್ತದೆ, ಮತ್ತು ಕಾರ್ಬನ್ ಎಂದು ಬರೆದದ್ದೆಲ್ಲ ಕಾರ್ಬನ್ ಅಲ್ಲ, ಕೆಲವು ಬರೀ ಅಚ್ಚು. ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯ ಮುದ್ರೆ ಟೂರ್ನಮೆಂಟ್ ಆಡುವವರಿಗೆ. ಬೆಳಗಿನ ಆರೂವರೆಯ ಆಟಕ್ಕೆ ಅದರ ದುಡ್ಡು ದಂಡ. ಹಿಡಿಯ ಸುತ್ತಳತೆ ಅನುಮಾನವಿದ್ದರೆ ಚಿಕ್ಕದನ್ನೇ ತಗೊಳ್ಳಿ, ಮೇಲೆ ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪಗಿರುವುದನ್ನು ಕೆತ್ತುವುದಕ್ಕಾಗುವುದಿಲ್ಲ. ಇದಕ್ಕಾಗಿ ಅವರು ಸ್ಟೀಲ್ ಸ್ಕೇಲು ತಂದು ನಮ್ಮೆಲ್ಲರ ಉಂಗುರದ ಬೆರಳಿನ ತುದಿಯಿಂದ ಅಂಗೈಯ ನಡುಗೆರೆಯವರೆಗೆ ಅಳೆದರು. ನನ್ನ ಕೈ ಅಳೆದು, 'ನಾಲ್ಕೂಕಾಲು ಇಂಚು. ಪರವಾಗಿಲ್ಲ' ಎಂದರು. ಯಾವುದಕ್ಕೆ ಪರವಾಗಿಲ್ಲವೋ ತಿಳಿಯಲಿಲ್ಲ.

ಅವರ 'ಕೈಗೆಟುಕುವ ಬೆಲೆ' ಮಾತ್ರ ಒಂದೆಡೆ ನಿಲ್ಲುವುದಿಲ್ಲ. ಎರಡು ಸಾವಿರದಿಂದ ಶುರುವಾಗುತ್ತದೆ. ಇನ್ನೈನೂರು ಹಾಕಿದರೆ ಒಳ್ಳೆಯ ಹಿಡಿ. ಅಷ್ಟು ಹಾಕಿದ ಮೇಲೆ ಇನ್ನೊಂದು ಸಾವಿರಕ್ಕೆ ಏಕೆ ಲೋಭ, ಕಾರ್ಬನ್ ಮುಖ ಬರುತ್ತದೆ. ಆರು ಸಾವಿರಕ್ಕೆ ಏರಿದವರು ಹನ್ನೆರಡು ಸಾವಿರದ ಬ್ಯಾಟಿನ ನೆರಳು ಕಂಡು ಬೆಚ್ಚಿ, 'ಇದೆಲ್ಲ ಹುಚ್ಚು ಕಣ್ರೀ' ಎಂದು ಮತ್ತೆ ಎರಡು ಸಾವಿರಕ್ಕೆ ಇಳಿಯುತ್ತಾರೆ.

ಒಮ್ಮೆ ಅವರು ಅಂಗಡಿಗೂ ಬಂದರು, ನನ್ನ ಕಾರಿನಲ್ಲಿ. ಜಯನಗರದ ಕಡೆಯ ಒಂದು ಆಟದ ಸಾಮಾನಿನ ಅಂಗಡಿ. ರಾಯರ ಕೈಯಲ್ಲಿ ಯಾರದೋ ಮದುವೆಯ ತಾಂಬೂಲದ ಚೀಲ. ಗಾಜಿನ ಕೌಂಟರಿನ ಮೇಲೆ ಅದರಿಂದ ಒಂದೊಂದಾಗಿ ತೆಗೆದಿಟ್ಟರು: ಸ್ಟೀಲ್ ಸ್ಕೇಲು, ಒಂದು ಚೆಂಡು, ಸಣ್ಣ ನೋಟ್‌ಬುಕ್ಕು, ಮನೆಯಲ್ಲಿ ಕೇಕಿಗೆ ಮೈದಾ ತೂಗುವ ಡಿಜಿಟಲ್ ತಕ್ಕಡಿ. ತಕ್ಕಡಿಯ ಬದಿಯಲ್ಲಿ ಇನ್ನೂ ಒಂದಿಷ್ಟು ಮೈದಾ ಇತ್ತು. ಅದನ್ನು ಊದಿ, ಸೊನ್ನೆ ತೋರಿಸುವವರೆಗೆ ಕಾದು, ಹುಡುಗನ ಕಡೆ ತಿರುಗಿ, 'ಹ್ಞಾಂ, ಒಂದೊಂದೇ ತೆಗಿಯಪ್ಪ' ಎಂದರು.

ಹುಡುಗ ಬಣ್ಣ ಹೇಳುತ್ತಿದ್ದ: 'ಸಾರ್, ಬ್ಲೂ ಇದೆ, ಬ್ಲ್ಯಾಕ್ ಇದೆ.' ರಾಯರು ಗ್ರಾಂ ಬರೆಯುತ್ತಿದ್ದರು. ಪ್ರತಿ ಬ್ಯಾಟನ್ನೂ ತಕ್ಕಡಿಯ ಮೇಲಿಟ್ಟು, ಕನ್ನಡಕ ಹಣೆಗೇರಿಸಿ ಅಂಕಿ ಓದಿ, ಸ್ಕೇಲಿನಿಂದ ಉದ್ದ ಅಗಲ ಅಳೆದು ಕೂಡಿ, 'ಇಪ್ಪತ್ನಾಲ್ಕು ಇಂಚು ದಾಟಬಾರದು, ರೂಲ್ ಇದೆ' ಎಂದು ತಮಗೇ ಹೇಳಿಕೊಂಡು, ಕಿವಿಗೆ ಹಿಡಿದು ಬೆರಳಿನ ಗೆಣ್ಣಿನಿಂದ ಮಧ್ಯಕ್ಕೆ, ಆಮೇಲೆ ನಾಲ್ಕು ಮೂಲೆಗೆ ತಟ್ಟುವುದು. ಆರನೆಯ ಬ್ಯಾಟಿಗೆ ಹುಬ್ಬು ಗಂಟಾಯಿತು. 'ಡಬ್ಬದ ಮೇಲೆ 225 ಗ್ರಾಂ ಅಂತಿದೆ. ಇಲ್ಲಿ 231 ಬರ್ತಿದೆಯಲ್ಲ?'

ಹುಡುಗ ಒಳಕ್ಕೆ ಓಡಿದ. ಮಾಲೀಕರೇ ಹೊರಗೆ ಬಂದರು, ಹಿಂದೆಯೇ ಎರಡು ಕಾಫಿ. ರಾಯರಿಗೆ ಸ್ಟೂಲು ಒರೆಸಿ ಹಾಕಿಸಿ, ತಗ್ಗಿದ ದನಿಯಲ್ಲಿ, 'ಸಾರ್, ಅದು ಕಂಪನಿಯವರು ಹಾಕಿರೋ ತೂಕ. ನಾವು ಬರೀ ಮಾರೋರು' ಎಂದರು. ಅವರು ನಮ್ಮನ್ನು ತೂಕ ಮತ್ತು ಅಳತೆ ಇಲಾಖೆಯವರೆಂದು ತಿಳಿದಿದ್ದಾರೆಂದು ನನಗೆ ಹೊಳೆಯಿತು. ರಾಯರಿಗೆ ಹೊಳೆಯಲಿಲ್ಲ. ಅವರು ಕಾಫಿ ಹೀರುತ್ತ, 'ಇರ್ಲಿ ಬಿಡಿ, ಐದಾರು ಗ್ರಾಂ ಹೆಚ್ಚುಕಮ್ಮಿ ಎಲ್ಲಾ ಕಡೆ ಇರುತ್ತೆ. ನಾನೇನು ಬರ್ಕೊಳಲ್ಲ' ಎಂದರು. ಮಾಲೀಕರ ಮುಖದಲ್ಲಿ ರಕ್ತ ಸಂಚಾರವಾಯಿತು. 'ಸಾರ್ ಒಂದು ಬ್ಯಾಟು ತಗೊಂಡು ಹೋಗಿ, ಮೊಮ್ಮಕ್ಕಳಿಗೆ' ಎಂದು ಕೈಯಲ್ಲೇ ಇಟ್ಟರು. ರಾಯರು ಎದ್ದು ನಿಂತರು. 'ಬಿಲ್ಲಿಲ್ಲದೆ ನಾನು ಒಂದು ಗುಂಡುಸೂಜಿಯನ್ನೂ ತಗೊಂಡವನಲ್ಲ!' ತಕ್ಕಡಿ, ಸ್ಕೇಲು, ಚೆಂಡು ಚೀಲಕ್ಕೆ ಸೇರಿದವು. ಅವರು ದುಮುದುಮು ಎಂದು ಮೆಟ್ಟಿಲಿಳಿದು ಹೋದ ಮೇಲೆ, ಉಳಿದ ಮಾನ ಮುಚ್ಚಿಕೊಳ್ಳಲು ನಾನೇ ಆ 231 ಗ್ರಾಮಿನದನ್ನು ಕೊಂಡೆ. ಮಾಲೀಕರು ಕೇಳದೆಯೇ ಬೆಲೆ ಇಳಿಸಿದರು. ದಾರಿಯಲ್ಲಿ ರಾಯರು ಬಿಲ್ಲು ನೋಡಿ, 'ಒಳ್ಳೇ ರೇಟು. ಹೇಗೆ ಚೌಕಾಸಿ ಮಾಡಿದ್ರಿ?' ಎಂದು ಕೇಳಿದರು.

ಹಾಗೆ ಬಂದ ಬ್ಯಾಟು ನನ್ನ ಕೈಯಲ್ಲಿದ್ದದ್ದಕ್ಕಿಂತ ಅವರ ಕೈಯಲ್ಲಿದ್ದದ್ದೇ ಹೆಚ್ಚು. 'ಒಂದೇ ಒಂದು ಗೇಮು, ಟ್ರಯಲ್ ನೋಡಿ ಕೊಡ್ತೀನಿ' ಎನ್ನುತ್ತಾರೆ. ಹನ್ನೊಂದು ಪಾಯಿಂಟಿನ ಆಟವೆಂದು ನಂಬಿ ಕೊಟ್ಟುಬಿಡಬಾರದು. ಸರ್ವ್ ಮಾಡಿದ ಪಕ್ಷಕ್ಕಷ್ಟೇ ಪಾಯಿಂಟು, ಗೆಲ್ಲಲು ಎರಡರ ಅಂತರ ಬೇಕು. ರಾಯರ ಸರ್ವಿಸ್ ಎದುರಾಳಿಯ ಸರ್ವಿಸ್ಸಿನಷ್ಟೇ ಬಡವಾಗಿರುವಾಗ ಒಂದು ಗೇಮು ತಿಂಡಿಯ ಹೊತ್ತನ್ನು ನುಂಗುತ್ತದೆ. ಅದರ ಮೇಲೆ, ನೆಲಕ್ಕೆ ತಾಗಿಕೊಂಡೇ ಬರುವ ಚೆಂಡನ್ನು ಬ್ಯಾಟಿನಿಂದ ಕಾಂಕ್ರೀಟು ಕೆರೆದು ಎತ್ತುವುದು ಅವರ ವಿಶೇಷ. ಕರ್ರ್ ಎಂಬ ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಆಟ ಮುಗಿಸಿ ಬಂದು ತೀರ್ಪು ಬೇರೆ: 'ಬ್ಯಾಟು ಚೆನ್ನಾಗಿದೆ. ಆದ್ರೆ ನಿಮ್ಮ ಕೈಗಲ್ಲ.'

ಮಳೆ ಹನಿದು ಅಂಗಳ ಒದ್ದೆಯಾದ ಒಂದು ಬೆಳಿಗ್ಗೆ, ಪಾರ್ಕಿಂಗಿನಲ್ಲಿ ನಿಂತು ಕಾಯುವಾಗ, ಅವರು ತಮ್ಮ ಮೊದಲ ಸ್ಕೂಟರಿನ ಕತೆ ಹೇಳಿದರು. ಚೇತಕ್‌ಗೆ ಹಣ ಕಟ್ಟಿದಾಗ ಬ್ರಹ್ಮಚಾರಿ. ಗಾಡಿ ಬಂದಾಗ ಮುಂದೆ ನಿಲ್ಲಿಸಿಕೊಳ್ಳಲು ಮಗ ಇದ್ದ. ನೀಲಿ ಕೇಳಿದ್ದರು, ಬೂದು ಬಂತು. 'ಬೇಡ ಅಂದ್ರೆ ಮತ್ತೆ ಸಾಲಿನ ಕೊನೆಗೆ. ಪೂಜೆ ಮಾಡಿಸಿ ಓಡ್ಸಿದ್ವಿ.' ಓದಿದ್ದು ಅಪ್ಪ ಹೇಳಿದ ಕೋರ್ಸು, ಊರು ಬ್ಯಾಂಕು ಹಾಕಿದ ಊರು, ಕೈಗೆ ಕಟ್ಟಿದ ಎಚ್‌ಎಂಟಿ ಮಾವ ಕೊಟ್ಟದ್ದು. ಆ ತಲೆಮಾರಿನವರಿಗೆ ಸಿಕ್ಕಿದ್ದೇ ಆಯ್ಕೆ. ಈಗ ಗೋಡೆ ತುಂಬ ಬ್ಯಾಟು ನೇತುಹಾಕಿ 'ಯಾವುದು ಬೇಕು ಸಾರ್' ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟರೆ ಇನ್ನು ಯಾರೂ ಕೇಳುವುದಿಲ್ಲ. ತಡಮಾಡುವುದರ ರುಚಿ ಹತ್ತಿದವರನ್ನು ಅವಸರಪಡಿಸಲು ನಾನು ಯಾರು ಎಂದು ಕಣ್ಣು ತೇವವಾಗುವಷ್ಟರಲ್ಲಿ ಅಂಗಳ ಒಣಗಿತ್ತು, ಬ್ಯಾಟು ನನ್ನ ಕಂಕುಳಿನಿಂದ ಹೋಗಿತ್ತು.

ಕೊನೆಗೆ ಕೊಂಡರು. ಸಿ-ಬ್ಲಾಕಿನ ಸಾಫ್ಟ್‌ವೇರ್ ಹುಡುಗನೊಬ್ಬ ಪುಣೆಗೆ ಹೊರಟ. ಅವನ 16 ಮಿಲಿಮೀಟರಿನ ಕಾರ್ಬನ್ ಬ್ಯಾಟು ಮಾರಾಟಕ್ಕಿತ್ತು. ರಾಯರು ತೂಗಿದರು, 224 ಗ್ರಾಂ. ತಟ್ಟಿದರು. ಮುಖದ ಒರಟು ಎಲ್ಲಿ ಸವೆದಿದೆಯೆಂದು ಮೊಬೈಲಿನ ಟಾರ್ಚು ಓರೆ ಹಿಡಿದು ನೋಡಿದರು. ಒಳಗಿನ ಜೇನುಗೂಡು ಕುಸಿದಿದ್ದರೆ ಮೆತ್ತಗಾಗುತ್ತದೆಂದು ಹೆಬ್ಬೆರಳಿನಿಂದ ಇಂಚಿಂಚೂ ಒತ್ತಿದರು, ಅಂಚಿನ ಪಟ್ಟಿ ಬಿಟ್ಟುಕೊಂಡಿದೆಯೇ ಎಂದು ಉಗುರು ಹಾಕಿದರು, ಕಾರಿನ ಬಿಸಿಲಲ್ಲಿ ಇಡುತ್ತಿದ್ದೆಯಾ ಎಂದು ವಿಚಾರಿಸಿದರು, ಮೂಲ ಬಿಲ್ಲು ಕೇಳಿದರು. ವಿಮಾನದ ಹೊತ್ತಾಗುತ್ತಿದ್ದ ಹುಡುಗ ಹೇಳಿದ್ದರಲ್ಲಿ ಅರ್ಧಕ್ಕೆ ಕೊಟ್ಟು ಕೈಮುಗಿದ.

ಮರುದಿನ ಬ್ಯಾಟು ಬಂತು, ಕವರಿನೊಳಗೆ, ಹಿಡಿಯ ಬುಡದಲ್ಲಿ ಚಿಟಿಕೆ ಕುಂಕುಮ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾಲ್ಕು ಹೊಡೆತ ಸರಿಯಾಗಿ ನಡೆಯಿತು. ಐದನೆಯದು ನೆಲಕ್ಕೆ ಅಂಟಿಕೊಂಡೇ ಬಂತು. ರಾಯರು ಬಗ್ಗಿದರು, ಬ್ಯಾಟನ್ನು ಎದೆಗೆ ಎಳೆದುಕೊಂಡರು, ಚೆಂಡನ್ನು ಹೋಗಲು ಬಿಟ್ಟರು. ಆಮೇಲೆ ಆಟ ನಿಲ್ಲಿಸಿ, ಬ್ಯಾಟನ್ನು ಒರೆಸಿ ಕವರಿಗೆ ಹಾಕಿ ಜಿಪ್ಪು ಎಳೆದು ನನ್ನ ಹತ್ತಿರ ಬಂದರು.

'ನಿಮ್ಮದು ಸ್ವಲ್ಪ ಕೊಡಿ. ಇದಕ್ಕೆ ಗೀರು ಬಿದ್ರೆ ಮುಂದೆ ಮಾರೋವಾಗ ಬೆಲೆ ಹೋಗ್ಬಿಡುತ್ತೆ. ನಿಮ್ಮದಕ್ಕೆ ಹೇಗೂ ಬಿದ್ದಿದೆಯಲ್ಲ.'