ಏಣಿಗೆ ಗಾಲಿ ಕೊಳ್ಳುವ ದಣಿಗಳ ಸನ್ನಿಧಿಗೆ

ಮಹಾರಾಜಶ್ರೀ ಗೋದಾಮಿನ ದಣಿಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಎಂದು ಬರೆಯಬೇಕಿತ್ತು. ತಾವು ಕೊಡಿಸಿದ ಏಣಿಯ ತುದಿಯಲ್ಲಿ ನಿಂತವರ ಕುಶಲ ಖಚಿತವಿಲ್ಲದ ಕಾರಣ ತಮ್ಮ ಕುಶಲವನ್ನಷ್ಟೇ ಕೋರುತ್ತೇನೆ.

ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಮಾಲು ಜೋಡಿಸುವ ಹುಡುಗರ ಹೆಗಲಿಂದ ಏಣಿ ಇಳಿಸಿ ಗಾಲಿಯ ಏಣಿ ತಂದವರು ತಾವು. ಆ ಉಪಕಾರ ಮರೆಯುವಂತಿಲ್ಲ. ಪೈಪು ದಪ್ಪನಾದದ್ದು, ಕೈಯಾಸರೆ ಗಟ್ಟಿ, ಬಣ್ಣವೂ ಚೆಂದ. ಗಾಲಿಯ ಸರದಿ ಬಂದಾಗ ಮಾತ್ರ ಅಂಗಡಿಯಲ್ಲಿ ಅತಿ ಅಗ್ಗವಾದದ್ದನ್ನೇ ಹುಡುಕಿ ತಂದ ತಮ್ಮ ಮಿತವ್ಯಯಕ್ಕೆ ಇನ್ನೊಂದು ನಮಸ್ಕಾರ.

ಲೆಕ್ಕದಲ್ಲಿ ತಾವು ನಿಪುಣರು. ಏಣಿ 120 ಕಿಲೊ, ಹತ್ತುವವನು 70, ಕೈಯಲ್ಲಿನ ಪೆಟ್ಟಿಗೆ 30, ಒಟ್ಟು 220. ನಾಲ್ಕು ಗಾಲಿಗೆ ಹಂಚಿ ತಲಾ 55 ಎಂದಿರಿ. ಆದರೆ ನೆಲ ಎಲ್ಲೂ ಪೂರ್ತಿ ಸಮವಿರುವುದಿಲ್ಲ. ಒಂದು ಗಾಲಿ ಸ್ವಲ್ಪ ಎದ್ದರೂ ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ. ಆದ್ದರಿಂದ ಮೂರರಿಂದ ಭಾಗಿಸಬೇಕು: ತಲಾ 73 ಕಿಲೊಗೂ ಹೆಚ್ಚು. ಅದರ ಮೇಲೆ ಒಂದಿಷ್ಟು ಅಂತರ ಬಿಟ್ಟು, 100 ಕಿಲೊ ತಾಳುವ ಗಾಲಿ ತರಬೇಕು. 60 ಕಿಲೊದ ಗಾಲಿ ಒಂದು ದಿನ ಬಾಗುತ್ತದೆ. ಆ ಹೊತ್ತಿಗೆ ಕೆಳಗೆ ತಾವಿರುವುದಿಲ್ಲ, ಮೇಲೆ ಅವನಿರುತ್ತಾನೆ.

ನೆಲದ ಬಗ್ಗೆಯೂ ದಯವಿಟ್ಟು ಒಮ್ಮೆ ಬಗ್ಗಿ ನೋಡಿ. ಮಾಲೂರಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳಲ್ಲಿ ಮಣ್ಣಿನ ಪುಡಿ ಬೇರಿಂಗಿನೊಳಗೇ ಸೇರುತ್ತದೆ. ಅಲ್ಲಿ ಮುಚ್ಚಿದ ಬೇರಿಂಗ್ ಬೇಕು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ರಸ ಚೆಲ್ಲಿರುತ್ತದೆ, ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ನೆಲ ಒದ್ದೆ. ಮುಳಬಾಗಿಲ ಕಡೆಯ ನುಣುಪು ಕಲ್ಲು ಹಾಸಿನ ಮೇಲೆ ನೈಲಾನ್ ಗಾಲಿ ಜಾರುತ್ತದೆ. ಭಾರ ಹೊರುತ್ತದೆ ನಿಜ, ಹಿಡಿತ ಕೊಡದು. ರಬ್ಬರ್ ಹಿಡಿಯುತ್ತದೆ, ಆದರೆ ತಿಂಗಳುಗಟ್ಟಲೆ ಭಾರ ಹೊತ್ತು ಒಂದೇ ಕಡೆ ನಿಂತರೆ ಚಪ್ಪಟೆಯಾಗುತ್ತದೆ. ಎರಕದ ಕಬ್ಬಿಣ ನೆಲವನ್ನೇ ಕೊರೆಯುತ್ತದೆ. ಒಣ ಕಾಂಕ್ರೀಟಿಗೆ ಪಾಲಿಯುರೆಥೇನ್ ಹೊದಿಕೆಯ ಗಾಲಿ ಒಳ್ಳೆಯದು. ಈ ಎಲ್ಲ ನೆಲಗಳಿಗೂ ಒಂದೇ ಬಗೆಯ ಗಾಲಿ ತರಿಸಿದ ತಮ್ಮ ಸಮದರ್ಶಿತ್ವಕ್ಕೆ ಏನೆನ್ನಲಿ?

ಗಾತ್ರದ ಮಾತಿಗೆ ಬಂದರೆ, 50 ಮಿಲಿಮೀಟರ್ ವ್ಯಾಸದ ಗಾಲಿ ಕಾಂಕ್ರೀಟಿನ ಸೀಳಿನಲ್ಲಿ ಸಿಕ್ಕಿ ನಿಂತರೆ ತಳ್ಳುತ್ತಿದ್ದ ಏಣಿ ಮುಂದಕ್ಕೆ ವಾಲುತ್ತದೆ. 125ರದ್ದು ದಾಟಿ ಹೋಗುತ್ತದೆ. ಇಷ್ಟನ್ನು ಅರಿಕೆ ಮಾಡಿ ಮುಂದಿನದಕ್ಕೆ ಬರುತ್ತೇನೆ.

ಬ್ರೇಕು! ಕಾಲಲ್ಲಿ ಒತ್ತುವ ಆ ತಗಡು ಗಾಲಿಯನ್ನಷ್ಟೇ ಹಿಡಿಯುತ್ತದೆ. ಗಾಲಿಯನ್ನು ಹಿಡಿದಿರುವ ಕವಲು ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕವಲು ಒಳಮುಖವಾಗಿ ನಿಂತರೆ ಏಣಿಯ ಬುಡವೇ ಕಿರಿದಾದಂತೆ. ಗಾಲಿ, ಕವಲು ಎರಡನ್ನೂ ಬಿಗಿಯುವ ಬ್ರೇಕು ಸಿಗುತ್ತದೆ, ಕೇಳಿದರೆ ಕೊಡುತ್ತಾರೆ. ಅದಕ್ಕಿಂತ ಭದ್ರವಾದದ್ದು ಸ್ಪ್ರಿಂಗ್ ಗಾಲಿ: ಮೆಟ್ಟಿಲಿಗೆ ಕಾಲಿಟ್ಟೊಡನೆ ಸ್ಪ್ರಿಂಗ್ ಕುಗ್ಗಿ, ರಬ್ಬರ್ ತುದಿಯ ಕಾಲು ನೆಲ ಮುಟ್ಟುತ್ತದೆ. ಅದರಲ್ಲೂ ಎಚ್ಚರ ಬೇಕು. ಸ್ಪ್ರಿಂಗ್ ಅತಿ ಬಿರುಸಾದರೆ ಹಗುರ ಮೈಯವನು ಹತ್ತಿದಾಗ ಅದು ಕುಗ್ಗುವುದಿಲ್ಲ. ಅತಿ ಮೆತ್ತಗಾದರೆ ಬರಿಯ ಏಣಿಯ ಭಾರಕ್ಕೇ ಕುಸಿದು ತಳ್ಳಲಾಗುವುದಿಲ್ಲ. ಏಣಿಯನ್ನು ತೂಗಿಯೇ ಆರಿಸಬೇಕು. ತೀರ ಭಾರದ ಏಣಿಗೆ ಸನ್ನೆಕೋಲಿನಿಂದ ಗಾಲಿ ಎತ್ತಿ, ಕಾಲ ಮೇಲೆ ನಿಲ್ಲಿಸುವ ಏರ್ಪಾಡೇ ಸರಿ.

ಕೆಲಸದ ಜಾಗಕ್ಕೆ ಹೋಗಿ ಬರುವ ದಾರಿ ಸುರಕ್ಷಿತವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 32ನೇ ಕಲಮೇ ಹೇಳಿತ್ತು. ಗೋದಾಮಿನಲ್ಲಿ ಏಣಿಯೂ ದಾರಿಯೇ.

ಕಡೆಯದಾಗಿ ವಿನಯಪೂರ್ವಕ ಬಿನ್ನಹ. ಮುಂದಿನ ಸಲ ಗಾಲಿ ತರುವ ಮೊದಲು ಆ ಏಣಿಯನ್ನು ದಿನಾ ಹತ್ತುವವನನ್ನು ಕರೆದು ಕೇಳಿ: ಯಾವ ಗಾಲಿ ತೊದಲುತ್ತದೆ, ಯಾವ ಬ್ರೇಕು ಹಿಡಿಯುವುದಿಲ್ಲ ಎಂದು. ಅವನಿಗೆ ಎಲ್ಲ ಗೊತ್ತು. ಅವನು ಹೇಳಿದ್ದನ್ನು ಬರೆದುಕೊಂಡು ಅಂಗಡಿಗೆ ಹೋಗಿ.

ಇಂತಿ ತಮ್ಮ ವಿಧೇಯ,
ಏಣಿಯ ಕೆಳಗೆ ಕೈಯಾಸರೆ ಹಿಡಿದು ನಿಲ್ಲುವವರ ಪೈಕಿ ಒಬ್ಬ